ಕರುಸೊ ಪ್ಲೇಟನ್ನ 78ರಲ್ಲಿ ಹಾಕ್ಬೇಡಿ

ಗ್ರಾಮಫೋನಿಗೆ ಕೀ ಕೊಟ್ಟಿದ್ದು, ಪಿನ್ನು ಸಿಕ್ಕಿಸಿದ್ದು ಎಲ್ಲಾ ಕಾಣಿಸ್ತಿದೆ, ಅದನ್ನ ಹೇಳಲ್ಲ. ಪಿನ್ನು ಮಾತ್ರ ಪ್ರತಿ ಪ್ಲೇಟಿಗೂ ಹೊಸದಿರ್ಬೇಕು. ಈ ಅರಗಿನ ಪ್ಲೇಟಲ್ಲಿ ಕಲ್ಲಿನ ಪುಡಿ ಬೆರೆಸಿರ್ತಾರೆ. ಒಂದು ಸಲ ಓಡೋಷ್ಟರಲ್ಲಿ ಸ್ಟೀಲ್ ಪಿನ್ನಿನ ತುದಿ ಸವೆದು ಅಂಚು ಬರುತ್ತೆ, ಎರಡನೇ ಸಲ ಆ ಅಂಚು ಗೆರೆಯನ್ನೇ ಕೆತ್ತುತ್ತೆ. ಕೊಳೆ ಇದ್ರೆ ಉಗುರುಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ಸೋಪು, ಲೇಬಲ್ ನೆನೆಯಬಾರ್ದು. ಸ್ಪಿರಿಟ್ ಮುಟ್ಟಿಸಿದ್ರೆ ಅರಗೇ ಕರಗುತ್ತೆ.

ಹಾಡ್ತಿರೋದು ಇಟಲಿಯ ಒಪೆರಾ ಗಾಯಕ ಎನ್ರಿಕೊ ಕರುಸೊ. 1873ರಲ್ಲಿ ನೇಪಲ್ಸಲ್ಲಿ ಹುಟ್ಟಿದವನು. ಇದು 1906ರ ಫೆಬ್ರವರಿ 11ರ ರೆಕಾರ್ಡಿಂಗ್, ಪುಚ್ಚಿನಿಯ ಒಪೆರಾ 'ಲಾ ಬೊಹೆಮ್'ನ 'ಕೆ ಜೆಲಿದಾ ಮನಿನಾ'. ಅಮೆರಿಕದ ವಿಕ್ಟರ್ ರೆಕಾರ್ಡ್ ಕಂಪನಿಗೆ ಆರ್ಕೆಸ್ಟ್ರಾ ಜೊತೆ ಹಾಡಿದ್ದು ಅವತ್ತೇ ಮೊದಲು.

ಕೀರಲು ಅನ್ಸುತ್ತಾ? ಅನ್ಸಲೇಬೇಕು, ಬೇಕಂತಲೇ ಜಾಸ್ತಿ ವೇಗಕ್ಕೆ ಇಟ್ಟಿದೀನಿ. '78', ಅಂದ್ರೆ ನಿಮಿಷಕ್ಕೆ 78 ಸುತ್ತು, ಅನ್ನೋದು ಆಮೇಲೆ ಎಲ್ಲರೂ ಒಪ್ಕೊಂಡ ಲೆಕ್ಕ. ವಿಕ್ಟರಿನ ಆಗಿನ ಪ್ಲೇಟುಗಳು ಬಹಳಷ್ಟು ನಿಮಿಷಕ್ಕೆ 76 ಸುತ್ತಿನ ಆಸುಪಾಸು. 1902ರ ಮಿಲಾನ್ ಪ್ಲೇಟುಗಳಂತೂ 70ರ ಹತ್ರಕ್ಕೆ ಇಳಿಯುತ್ವೆ. ವೇಗ ನೂರಕ್ಕೆ ಆರು ಹೆಚ್ಚಾದ್ರೆ ಶ್ರುತಿ ಅರ್ಧ ಸ್ವರ ಮೇಲೆ. ಅಂದ್ರೆ 73.6ರಲ್ಲಿ ಕೆತ್ತಿದ್ದನ್ನ 78ರಲ್ಲಿ ಓಡಿಸಿದ್ರೆ ಹಾರ್ಮೋನಿಯಂನಲ್ಲಿ ಪಕ್ಕದ ಮನೆಗೆ, ಅಂದ್ರೆ ಪಕ್ಕದ ಪಟ್ಟಿಗೆ, ಹೋದಂಗೆ.

ಸ್ವರಲಿಪಿ ನೋಡಿ ಶ್ರುತಿ ಸೇರಿಸಿದ್ರೆ ಆಯ್ತಲ್ಲ ಅಂತೀರಿ. ಈ ಪ್ಲೇಟು ಅಲ್ಲೇ ಕೈ ಕೊಡೋದು. ಹಾರ್ಮೋನಿಯಂ ಲೆಕ್ಕದಲ್ಲಿ ಪುಚ್ಚಿನಿ ಬರೆದಿದ್ದು ಕಪ್ಪು ಒಂದರಲ್ಲಿ. ಕರುಸೊ ಇಲ್ಲಿ ಹಾಡಿರೋದು ಬಿಳಿ ಒಂದರಲ್ಲಿ, ಅರ್ಧ ಸ್ವರ ಕೆಳಗೆ. ಇನ್ನೊಬ್ಬ ಒಪೆರಾ ಸಂಗೀತಕಾರ ವೆರ್ದಿಯ 'ದಿ ಕ್ವೆಲ್ಲಾ ಪಿರಾ' ಹಾಡನ್ನೂ ಅದೇ ದಿನ ಹಾಗೇ ಇಳಿಸ್ಕೊಂಡಿದ್ದ. ನೀವು ಸ್ವರಲಿಪಿ ನಂಬಿ ಕಪ್ಪು ಒಂದಕ್ಕೆ ಎಳೆದ್ರೆ ಪ್ಲೇಟು 80ರ ಮೇಲೆ ಓಡುತ್ತೆ, ದನಿಯ ನಡುಕ ಮೇಕೆ ಕೂಗಿದಂಗಾಗುತ್ತೆ. ಈಗ ವೇಗದ ಲಿವರ್ ಇಳಿಸ್ತೀನಿ. 'ಆ' ಕೇಳಿ, 'ಓ' ಕೇಳಿ. ಬಾಯಿ ಅಗಲವಾಯ್ತಲ್ಲ? ಎರಡು ಶ್ರುತಿ ಮಧ್ಯೆ ಯಾವುದು ಅಂತ ಅನುಮಾನ ಬಂದಾಗ ಹೀಗೆ ಸ್ವರಾಕ್ಷರ ಕೇಳಿ ತೀರ್ಮಾನ ಮಾಡ್ಬೇಕು. ಪಿಯಾನೊ ಒಂದನ್ನೇ ನಂಬೋ ಹಾಗಿಲ್ಲ, ಆಗ ಊರೂರಿಗೂ ಆಧಾರ ಶ್ರುತಿ ಬೇರೆ.

ವೇಗ ಅಳೆಯೋ ಗೆರೆ ಕಾರ್ಡು ನೋಡಿ, ಮಿನುಗೋ ಬೆಳಕಲ್ಲಿ ಗೆರೆ ನಿಂತಂಗೆ ಕಂಡ್ರೆ ವೇಗ ಸರಿ. ನಮ್ಮ 50 ಹರ್ಟ್ಸ್ ಕರೆಂಟಲ್ಲಿ 78 ತೋರಿಸೋಕೆ 77 ಗೆರೆ ಇರೋದು ಬೇಕು, 76ಕ್ಕೆ 79 ಗೆರೆಯದ್ದು, ಅಮೆರಿಕದ 92 ಗೆರೆಯದ್ದು ತಂದ್ರೆ ಲೆಕ್ಕ ತಪ್ಪುತ್ತೆ. ಎಲ್‌ಇಡಿ ಬಲ್ಬಿನ ಕೆಳಗೆ ಗೆರೆಗಳು ನಿಲ್ಲೋದೇ ಇಲ್ಲ, ಒಳ್ಳೇ ಎಲ್‌ಇಡಿ ಮಿನುಗಲ್ಲ. ದುಡ್ಡು ಕೊಟ್ಟು ಒಳ್ಳೇ ಬಲ್ಬ್ ತಂದೋರಿಗೇ ಈ ಕಾಟ. ಹಳೇ ಚೋಕಿನ ಟ್ಯೂಬ್‌ಲೈಟ್ ಹುಡುಕ್ಕೊಳ್ಳಿ. ಅದೂ ಇಲ್ವಾ, ಅಂಚಿಗೆ ಚೀಟಿ ಅಂಟಿಸಿ ಅರ್ಧ ನಿಮಿಷ ಎಣಿಸಿ: 38 ಸುತ್ತು ಬಂದ್ರೆ 76.

ಈ ಪ್ಲೇಟು ಪಕ್ಕಕ್ಕಿರ್ಲಿ, ಇನ್ನೊಂದು ಹಾಕ್ತೀನಿ. 1902ರ ಏಪ್ರಿಲ್ 11, ಮಿಲಾನಿನ ಗ್ರ್ಯಾಂಡ್ ಹೋಟೆಲ್. ಹಿಂದಿನ ವರ್ಷ ವೆರ್ದಿ ಕೊನೆಯುಸಿರೆಳೆದ ಹೋಟೆಲೇ ಅದು. ಗ್ರಾಮಫೋನ್ ಕಂಪನಿಗೆ ರೆಕಾರ್ಡಿಂಗ್ ಮಾಡ್ತಿದ್ದ ಫ್ರೆಡ್ ಗೈಸ್‌ಬರ್ಗ್ ದನಿ ಹಿಡಿಯೋ ಹಾರ್ನ್ ಜೋಡಿಸಿದ, ಕರುಸೊ ಪಿಯಾನೊ ಜೊತೆ ಹತ್ತು ಹಾಡು ಹಾಡಿದ, ಸಂಭಾವನೆ 100 ಪೌಂಡ್. ಇವು ಬರೀ ಒರಟು ಸರಕು, ಸಂಗ್ರಾಹಕರು ಸುಮ್ನೆ ಮುಗಿಬೀಳ್ತಾರೆ. ಅದೇ ಗೈಸ್‌ಬರ್ಗ್ ಆ ವರ್ಷ ನವೆಂಬರ್‌ನಲ್ಲಿ ಕಲ್ಕತ್ತಾಗೆ ಬಂದು ಗಾಯಕಿ ಗೌಹರ್ ಜಾನ್ ಅವರ ದನಿ ಹಿಡಿದ. ಗೌಹರ್ ಜಾನ್ ಕೊನೆಗೆ ನಾಲ್ವಡಿಯವರ ಆಸ್ಥಾನ ಸೇರಿ, 1930ರಲ್ಲಿ ಮೈಸೂರಲ್ಲೇ ತೀರ್ಕೊಂಡ್ರು. ಅವರದ್ದೇ ಬೇರೆ ವಿಡಿಯೋ ಆಗುತ್ತೆ, ಬಿಡಿ. 71ಕ್ಕೆ ಇಳಿಸಿದೆ... ಹ್ಞೂಂ, ಒರಟು ಅಂದಿದ್ದು ಜಾಸ್ತಿಯಾಯ್ತು. ಎಷ್ಟು ಹಗುರ ನೋಡಿ ಆ ದನಿ. ಮುಗಿಬೀಳ್ಲಿ.

ಇನ್ನು ಕರುಸೊಗೆ ಹಾಡು ಕಲಿಸಿದ ಗುರು ವೆರ್ಜಿನೆ ಜೊತೆಗಿನ ಕರಾರಿನ ವಿಷಯ. ಐದು ವರ್ಷ ದುಡಿದಿದ್ದರಲ್ಲಿ ನೂರಕ್ಕೆ 25 ಗುರುವಿಗೆ. ಕೇಳೋಕೆ ಚೆನ್ನಾಗಿದೆ. ಆದ್ರೆ ಐದು ವರ್ಷ ಅಂದ್ರೆ 'ನಿಜವಾಗಿ ಹಾಡಿದ' ಐದು ವರ್ಷ! ದಿನ ಲೆಕ್ಕ ಹಾಕಿದ್ರೆ 1,825 ಪ್ರದರ್ಶನ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ (ಮೆಟ್) 1903ರಿಂದ 1920ರವರೆಗೆ ಹಾಡಿದ್ದೇ 860 ಚಿಲ್ಲರೆ, ಇನ್ನು ಈ ಸಾಲ ತೀರೋದು ಯಾವಾಗ? ವಿಷಯ ಕೋರ್ಟಿಗೆ ಹೋಗಿ ದುಡ್ಡು ಕೊಟ್ಟು ಬಿಡಿಸ್ಕೊಂಡ. ತಮಾಷೆ ಅಂದ್ರೆ, ಒಡೆಯೋ ಮೇಲಿನ ಸ್ವರಗಳನ್ನ ನೆಟ್ಟಗೆ ಮಾಡ್ಕೊಟ್ಟಿದ್ದು ಆ ಗುರು ಅಲ್ಲ, ವಿಂಚೆಂಜೊ ಲೊಂಬಾರ್ದಿ ಅನ್ನೋ ಕಂಡಕ್ಟರ್.

ಮಿಕ್ಕಿದ್ದು ಬೇಗ. 1895ರಲ್ಲಿ ನೇಪಲ್ಸ್‌ನಲ್ಲಿ ಮೊದಲ ರಂಗ, 1898ರಲ್ಲಿ ಮಿಲಾನಿನಲ್ಲಿ 'ಫೆದೋರಾ' ಒಪೆರಾ ಹೆಸರು ತಂತು, 1900ರ ಡಿಸೆಂಬರ್‌ನಲ್ಲಿ ಕಂಡಕ್ಟರ್ ತೊಸ್ಕನೀನಿ ಕೈಕೆಳಗೆ ಮಿಲಾನಿನ ಒಪೆರಾ ಮನೆ ಲಾ ಸ್ಕಾಲಾ. 1901ರ ಕೊನೇಲಿ ಸ್ವಂತ ಊರಿನ ಒಪೆರಾ ಮನೆ ಸಾನ್ ಕಾರ್ಲೊ ತಣ್ಣಗೆ ಬರಮಾಡ್ಕೊಳ್ತು, ಮತ್ತೆ ಆ ಊರಲ್ಲಿ ಒಪೆರಾ ಹಾಡಲೇ ಇಲ್ಲ. ಸಿಟ್ಟು ಅಂದ್ರೆ ಅದು. 1909ರಲ್ಲಿ ಗಂಟಲ ಗಂಟಿಗೆ ಆಪರೇಷನ್.

ಇವತ್ತಿನ ಕೊನೇ ಪ್ಲೇಟು: 1920ರ ಸೆಪ್ಟೆಂಬರ್ 14, 'ಲಾ ಜೂಯಿವ್' ಒಪೆರಾದ್ದು. 1902ರ ಪಕ್ಕ ಇಟ್ಟು ಕೇಳಿ, ತಳದಲ್ಲಿ ಬ್ಯಾರಿಟೋನಿನ, ಅಂದ್ರೆ ಗಂಡಸಿನ ತಗ್ಗು ದನಿಯ, ಗಾಢ ಬಣ್ಣ ಬಂದಿದೆ. ಎರಡನ್ನೂ 78ರಲ್ಲೇ ಓಡಿಸೋರಿಗೆ ಈ ಹದಿನೆಂಟು ವರ್ಷದ ನಿಜವಾದ ವ್ಯತ್ಯಾಸ ಸಿಗಲ್ಲ. ಮೂರು ತಿಂಗಳಾದ್ಮೇಲೆ, ಡಿಸೆಂಬರ್ 24ಕ್ಕೆ ಇದೇ ಒಪೆರಾನ ಪಕ್ಕೆ ನೋವು ತಡ್ಕೊಂಡು ಮೆಟ್‌ನಲ್ಲಿ ಹಾಡಿದ. ಮತ್ತೆ ರಂಗ ಹತ್ತಲಿಲ್ಲ. ಎದೆಗೂಡಲ್ಲಿ ಕೀವು ತುಂಬಿತ್ತು. 1921ರ ಆಗಸ್ಟ್ 2ಕ್ಕೆ ನೇಪಲ್ಸಲ್ಲಿ ತೀರ್ಕೊಂಡಾಗ 48 ವಯಸ್ಸು.

ಇದು 12 ಇಂಚಿಂದು, ನಾಲ್ಕು ನಿಮಿಷದ ಮೇಲೆ ಓಡುತ್ತೆ, ಕೀ ಪೂರ್ತಿ ಕೊಟ್ಟಿರ್ಬೇಕು. ಶ್ರುತಿ ಇಳೀತಿದೆ ನೋಡಿ, ಸ್ಪ್ರಿಂಗ್ ಸೋಲ್ತಿದೆ. ಬ್ರೇಕ್ ಹಾಕ್ತೀನಿ.