ವಿಷದ ಮಣ್ಣಿನ ಮೇಲೆ ಬಡವರ ಮನೆ: ಶುದ್ಧೀಕರಣದ ಖರ್ಚು ಯಾರ ಲೆಕ್ಕಕ್ಕೆ?

[ದೃಶ್ಯ: ಮಿಷಿಗನ್ ಸರೋವರದ ದಕ್ಷಿಣ ದಂಡೆಯ ನಕ್ಷೆ, ಈಸ್ಟ್ ಷಿಕಾಗೊ ಗುರುತು]

ನಿರೂಪಣೆ: ನಮಸ್ಕಾರ. ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಈಸ್ಟ್ ಷಿಕಾಗೊ ಎಂಬ ಕೈಗಾರಿಕಾ ಪಟ್ಟಣವಿದೆ. ಕಡಿಮೆ ಆದಾಯದ ಕುಟುಂಬಗಳಿಗಾಗಿ ಅಲ್ಲಿ 1972ರಲ್ಲಿ ವೆಸ್ಟ್ ಕ್ಯಾಲುಮೆಟ್ ಎಂಬ ಸರ್ಕಾರಿ ವಸತಿ ಸಮುಚ್ಚಯ ಸಿದ್ಧವಾಯಿತು. ಮನೆಗಳು ಎದ್ದ ನೆಲದಲ್ಲಿ ಅದಕ್ಕೂ ಮೊದಲು ಸೀಸದ ಕಾರ್ಖಾನೆಯಿತ್ತು. ಸಮೀಪದಲ್ಲೇ ಇದ್ದ ಇನ್ನೊಂದು ಸೀಸದ ಕುಲುಮೆ 1985ರವರೆಗೂ ಉರಿಯುತ್ತಿತ್ತು. ಕೇಂದ್ರ ಸರ್ಕಾರದ ಪರಿಸರ ಸಂರಕ್ಷಣಾ ಸಂಸ್ಥೆಯಾದ ಇಪಿಎ, ಈ ಪ್ರದೇಶವನ್ನು ತುರ್ತಾಗಿ ಶುದ್ಧಗೊಳಿಸಬೇಕಾದ ತಾಣಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿದ್ದು 2009ರಲ್ಲಿ. ಅದಾಗಿ ಎರಡೇ ವರ್ಷಕ್ಕೆ ಕೇಂದ್ರದ ಮತ್ತೊಂದು ಆರೋಗ್ಯ ಸಂಸ್ಥೆ, ಅಲ್ಲಿನ ಮಣ್ಣಿನಲ್ಲಿ ಆಡಿದರೆ ಆರೋಗ್ಯಕ್ಕೆ ಹಾನಿಯಾಗುವ ಸಂಭವವಿಲ್ಲ ಎಂದು ವರದಿ ಬರೆಯಿತು. 2016ರ ಬೇಸಿಗೆಯಲ್ಲಿ ಮಾತ್ರ ಮೇಯರ್ ಅವರ ಪತ್ರ ಮನೆಮನೆಗೂ ತಲುಪಿತು: ಕಟ್ಟಡಗಳನ್ನು ಕೆಡವಲಾಗುವುದು, ಬೇರೆ ಮನೆ ನೋಡಿಕೊಳ್ಳಿ. ಹಾಗೆ ಗಂಟುಮೂಟೆ ಕಟ್ಟಿದವರು ಸಾವಿರಕ್ಕೂ ಹೆಚ್ಚು ಜನ; ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಮಕ್ಕಳು.

ವಸತಿ ಪ್ರದೇಶದ ಒಂದು ಕಿಲೋ ಮಣ್ಣಿನಲ್ಲಿ 400 ಮಿಲಿಗ್ರಾಂಗಿಂತ ಹೆಚ್ಚು ಸೀಸವಿದ್ದರೆ ಕ್ರಮ ಕೈಗೊಳ್ಳಬೇಕು ಎಂಬುದು ಆಗ ಅಲ್ಲಿ ಜಾರಿಯಲ್ಲಿದ್ದ ಮಾನದಂಡ. ವೆಸ್ಟ್ ಕ್ಯಾಲುಮೆಟ್‌ನ ಕೆಲವು ಅಂಗಳಗಳಲ್ಲಿ ಸಿಕ್ಕಿದ್ದು ಮಿಲಿಗ್ರಾಂಗಳ ಲೆಕ್ಕವಲ್ಲ. ಅತಿ ಹೆಚ್ಚೆಂದರೆ ಕಿಲೋಗೆ 91 ಗ್ರಾಂ. ಸೀಸ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ಮೇಲ್ಮಣ್ಣಿನ ಕಣಗಳಿಗೆ ಅಂಟಿಕೊಂಡು ದಶಕಗಟ್ಟಲೆ ಹಾಗೇ ಉಳಿಯುತ್ತದೆ. ಅಂಗಳದಲ್ಲಿ ಆಡಿದ ಮಗು ಕೈಯನ್ನು ಬಾಯಿಗಿಟ್ಟರೆ ಸಾಕು, ಅದು ರಕ್ತ ಸೇರಿ ಬೆಳೆಯುತ್ತಿರುವ ಮೆದುಳಿಗೆ ತಲುಪುತ್ತದೆ.

[ದೃಶ್ಯ: ನೆಲದ ಅಡ್ಡಸೀಳು ಚಿತ್ರ, ಮೇಲ್ಮಣ್ಣು, ಕೆಳಪದರ, ಅಂತರ್ಜಲ]

ಇಷ್ಟು ಕೇಳಿದವರು ಇಂಥ ನೆಲದಲ್ಲಿ ಮನೆಯನ್ನೇ ಕಟ್ಟಬಾರದು ಎನ್ನಬಹುದು. ಆ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ನಗರದ ನಡುವೆ, ಬಸ್ಸು, ರೈಲು, ಆಸ್ಪತ್ರೆಗಳ ಸಮೀಪದಲ್ಲಿ ಖಾಲಿ ಉಳಿದಿರುವ ಜಾಗ ಬಹುಪಾಲು ಇಂಥದ್ದೇ: ಮುಚ್ಚಿದ ಕಾರ್ಖಾನೆ, ಹಳೆಯ ಅನಿಲ ಘಟಕ, ರೈಲ್ವೆ ಯಾರ್ಡ್, ಪೆಟ್ರೋಲ್ ಬಂಕ್. ಇವನ್ನು ಬ್ರೌನ್‌ಫೀಲ್ಡ್ ಎಂದು ಕರೆಯುತ್ತಾರೆ. ಇವನ್ನು ಬಿಟ್ಟರೆ ಬಡವರ ಪಾಲಿಗೆ ಉಳಿಯುವುದು ಊರಾಚೆಯ ನಿವೇಶನ ಮತ್ತು ದಿನಕ್ಕೆ ನಾಲ್ಕು ಗಂಟೆಯ ಪ್ರಯಾಣ. ಹಾಗಾಗಿ ಕೇಳಬೇಕಾದ ಪ್ರಶ್ನೆ ಶುದ್ಧೀಕರಣದ ಖರ್ಚನ್ನು ಯಾರ ಲೆಕ್ಕಕ್ಕೆ ಬರೆಯುತ್ತೇವೆ ಎಂಬುದು. ಏಕೆಂದರೆ ಮನೆಯ ಬೆಲೆ ಇಳಿಸಲು ಶುದ್ಧೀಕರಣದಲ್ಲಿ ಕತ್ತರಿ ಹಾಕಿದರೆ, ಉಳಿಸಿದ ಹಣವನ್ನು ಬಾಡಿಗೆದಾರರ ಮಕ್ಕಳು ತಮ್ಮ ಆರೋಗ್ಯದಿಂದ ತೆರಬೇಕಾಗುತ್ತದೆ.

[ದೃಶ್ಯ: ಪೂರ್ವ ಲಂಡನ್, ಲೀ ಕಣಿವೆ]

2012ರ ಒಲಿಂಪಿಕ್ಸ್‌ಗಾಗಿ ಲಂಡನ್ ಆರಿಸಿಕೊಂಡ ಲೀ ಕಣಿವೆಯ ಮಣ್ಣು ಶತಮಾನಕ್ಕೂ ಹೆಚ್ಚಿನ ಕೈಗಾರಿಕೆಯಿಂದ ಟಾರು, ತೈಲ, ಆರ್ಸೆನಿಕ್, ಸೀಸಗಳನ್ನು ಹೀರಿಕೊಂಡಿತ್ತು. ಅಷ್ಟನ್ನೂ ಲಾರಿಗೆ ತುಂಬಿ ಬೇರೊಂದು ಊರಿನ ಹಳ್ಳಕ್ಕೆ ಸುರಿಯುವ ಬದಲು, ಅಲ್ಲೇ ಮಣ್ಣು ತೊಳೆಯುವ ಯಂತ್ರಗಳನ್ನು ನಿಲ್ಲಿಸಿದರು. ಕೆಲಸಗಾರರು ಅದನ್ನು ಮಣ್ಣಿನ ಆಸ್ಪತ್ರೆ ಎಂದೇ ಕರೆಯುತ್ತಿದ್ದರು. ತತ್ತ್ವ ಸರಳವಾದದ್ದು. ವಿಷ ಹೆಚ್ಚಾಗಿ ಅಂಟಿಕೊಳ್ಳುವುದು ಜೇಡಿಯಂಥ ಅತಿ ನುಣುಪಾದ ಕಣಗಳಿಗೆ. ನೀರಿನಲ್ಲಿ ಕಲಕಿ, ಜರಡಿ ಹಿಡಿದು, ಮರಳು ಮತ್ತು ಜಲ್ಲಿಯನ್ನು ಬೇರ್ಪಡಿಸಿದರೆ ಅವು ಮತ್ತೆ ಬಳಕೆಗೆ ಬರುತ್ತವೆ, ವಿಷವೆಲ್ಲ ಸ್ವಲ್ಪ ಕೆಸರಿನಲ್ಲಿ ಸೇರಿಕೊಳ್ಳುತ್ತದೆ. ಅಪಾಯಕಾರಿ ತ್ಯಾಜ್ಯವೆಂದು ಸಾಗಿಸಬೇಕಾದದ್ದು ಆ ಕೆಸರನ್ನು ಮಾತ್ರ. ಅಗೆದ ಮಣ್ಣಿನಲ್ಲಿ ಶೇ. 80ಕ್ಕೂ ಹೆಚ್ಚು ಪಾಲು ಹೀಗೆ ಅಲ್ಲೇ ಮರುಬಳಕೆಯಾಯಿತು.

ಕ್ರೀಡಾಪಟುಗಳು ತಂಗಿದ್ದ ಕಟ್ಟಡಗಳು ಆಮೇಲೆ ಈಸ್ಟ್ ವಿಲೇಜ್ ಎಂಬ ಬಡಾವಣೆಯಾದವು. ಅಲ್ಲಿನ 2,818 ಮನೆಗಳಲ್ಲಿ 1,379 ಕೈಗೆಟುಕುವ ದರದವು ಎಂಬ ಅಂಕಿ ಕೇಳಲು ಚೆನ್ನಾಗಿದೆ. ಆದರೆ ಅವುಗಳಲ್ಲಿ ಸಾಮಾಜಿಕ ಬಾಡಿಗೆಗೆ, ಅಂದರೆ ನಿಜವಾಗಿ ಕಡಿಮೆ ಬಾಡಿಗೆಗೆ ಮೀಸಲಾದವು 675 ಮಾತ್ರ. ಉಳಿದವು ಮಧ್ಯಮ ಆದಾಯದವರ ಕೈಗಷ್ಟೇ ಎಟುಕುವಂಥವು. ಯಾವ ದೇಶದ ಯೋಜನೆಯಲ್ಲೇ ಆಗಲಿ, ಕೈಗೆಟುಕುವ ಮನೆ ಎಂದರೆ ಯಾರ ಕೈಗೆ ಎಂದು ಕೇಳಿಕೊಂಡೇ ಮುಂದುವರಿಯುವುದು ಒಳ್ಳೆಯದು. ಮೇಲಾಗಿ ಒಲಿಂಪಿಕ್ಸ್‌ಗೆ ಸರ್ಕಾರ ಖಜಾನೆ ತೆರೆಯುತ್ತದೆ. ಮಾಮೂಲಿ ಎರಡು ಎಕರೆಗೆ ಯಾರು ತೆರೆಯುತ್ತಾರೆ?

[ದೃಶ್ಯ: ನ್ಯೂಯಾರ್ಕ್, ಸೌತ್ ಬ್ರಾಂಕ್ಸ್‌ನ ವಿಯಾ ವರ್ಡೆ, ಮೆಟ್ಟಿಲುಗಳಂತೆ ಏರುವ ಹಸಿರು ಚಾವಣಿಗಳು]

ಸೌತ್ ಬ್ರಾಂಕ್ಸ್‌ನಲ್ಲಿ ಹಿಂದೆ ರೈಲು ಯಾರ್ಡ್ ಇದ್ದ ಸುಮಾರು ಒಂದೂವರೆ ಎಕರೆಯಲ್ಲಿ, 2012ರಲ್ಲಿ ವಿಯಾ ವರ್ಡೆ ಎಂಬ 222 ಮನೆಗಳ ಸಮುಚ್ಚಯ ಪೂರ್ಣಗೊಂಡಿತು. 151 ಮನೆಗಳು ಬಾಡಿಗೆಗೆ, 71 ಸಹಕಾರಿ ಒಡೆತನಕ್ಕೆ. ಜಾಗ ನಗರಾಡಳಿತದ್ದೇ ಆಗಿತ್ತು. ಇಂಥ ಸಣ್ಣ ಜಾಗಗಳ ಶುದ್ಧೀಕರಣಕ್ಕೆ ನ್ಯೂಯಾರ್ಕ್ ರಾಜ್ಯ ತೆರಿಗೆ ರಿಯಾಯಿತಿ ಕೊಡುತ್ತದೆ. ಆ ಹಣ ಮೊದಮೊದಲು ಐಷಾರಾಮಿ ಕಟ್ಟಡಗಳಿಗೂ ಹರಿಯುತ್ತಿತ್ತು. 2015ರ ತಿದ್ದುಪಡಿಯಲ್ಲಿ, ನ್ಯೂಯಾರ್ಕ್ ನಗರದೊಳಗೆ ಕಟ್ಟಡ ವೆಚ್ಚದ ರಿಯಾಯಿತಿ ಬೇಕಾದವರು ಕೆಲವು ಷರತ್ತುಗಳಲ್ಲಿ ಒಂದನ್ನಾದರೂ ಪೂರೈಸಬೇಕೆಂದು ಮಾಡಿದರು. ಕೈಗೆಟುಕುವ ವಸತಿ ಕಟ್ಟುವುದು ಅವುಗಳಲ್ಲೊಂದು. ಶುದ್ಧೀಕರಣದ ಮಟ್ಟವನ್ನು ಇಳಿಸದೆ ಮನೆಯ ಬೆಲೆ ಇಳಿಸುವ ದಾರಿಗಳಲ್ಲಿ ನನಗೆ ಇದೇ ಹೆಚ್ಚು ಸರಿಯೆನಿಸುತ್ತದೆ.

ಶುದ್ಧಗೊಳಿಸಿದ ನೆಲವೆಂದರೆ ವಿಷ ಪೂರ್ತಿ ಹೋಯಿತೆಂದು ಅರ್ಥವಲ್ಲ. ಅನೇಕ ಕಡೆ ಮೇಲಿನ ಪದರವನ್ನಷ್ಟೇ ತೆಗೆದು, ಎಚ್ಚರಿಕೆಯ ಜಾಲರಿ ಹಾಸಿ, ಮೇಲೆ ಒಳ್ಳೆಯ ಮಣ್ಣು ಹೊದಿಸುತ್ತಾರೆ. ಡ್ರೈಕ್ಲೀನಿಂಗ್ ದ್ರಾವಕಗಳಂಥ ರಾಸಾಯನಿಕಗಳು ಅನಿಲವಾಗಿ ಬಿರುಕುಗಳ ಮೂಲಕ ಮನೆಯೊಳಕ್ಕೆ ಏರುವುದರಿಂದ, ತಳಪಾಯದ ಕೆಳಗೆ ಆವಿ ತಡೆಯುವ ಹಾಳೆ ಹಾಸಿ, ಕೊಳವೆ ಮತ್ತು ಫ್ಯಾನ್ ಮೂಲಕ ಆ ಗಾಳಿಯನ್ನು ಚಾವಣಿಯಾಚೆ ಬಿಡಬೇಕಾಗುತ್ತದೆ. ಆ ಫ್ಯಾನಿನ ವಿದ್ಯುತ್ ಬಿಲ್ಲನ್ನು ಮೂವತ್ತು ವರ್ಷಗಳ ನಂತರ ಯಾರು ಕಟ್ಟುತ್ತಾರೆ, ಇಲ್ಲಿ ಬಾವಿ ತೋಡಬಾರದು, ನೆಲದಲ್ಲಿ ತರಕಾರಿ ಬೆಳೆಯಬಾರದು ಎಂಬ ನಿರ್ಬಂಧವನ್ನು ಮೂರನೆಯ ಬಾಡಿಗೆದಾರನಿಗೆ ಯಾರು ಹೇಳುತ್ತಾರೆ ಎಂಬುದು ಯೋಜನೆಯ ಕಡತದಲ್ಲೇ ಬರೆದಿರಬೇಕು. ಮಾನದಂಡವೂ ನಿಂತಲ್ಲೇ ನಿಲ್ಲುವುದಿಲ್ಲ: ವಸತಿ ಪ್ರದೇಶದ ಸೀಸಕ್ಕೆ ಇದ್ದ ಆ 400ರ ಮಿತಿಯನ್ನು ಇಪಿಎ 2024ರ ಜನವರಿಯಲ್ಲಿ 200ಕ್ಕೆ ಇಳಿಸಿತು.

[ದೃಶ್ಯ: ಕೋಲಾರದ ಚಿನ್ನದ ಗಣಿ ಪ್ರದೇಶ, ಸಯನೈಡ್ ದಿಬ್ಬಗಳು]

ನಮ್ಮ ದೇಶದಲ್ಲಿ ಕಲುಷಿತ ತಾಣಗಳ ನಿರ್ವಹಣೆಗೆಂದೇ ಪ್ರತ್ಯೇಕ ನಿಯಮ ಬಂದದ್ದು 2025ರ ಜುಲೈನಲ್ಲಿ. ಸಂಶಯಾಸ್ಪದ ತಾಣಗಳನ್ನು ಜಿಲ್ಲಾಡಳಿತ ಪಟ್ಟಿ ಮಾಡಬೇಕು, ಮಾಲಿನ್ಯ ಮಾಡಿದವರೇ ಖರ್ಚು ಭರಿಸಬೇಕು ಎನ್ನುತ್ತದೆ ಅದು. ಗಣಿಗಾರಿಕೆಯಿಂದಾದ ಮಾಲಿನ್ಯವನ್ನು ಸಾಮಾನ್ಯವಾಗಿ ಅದರ ವ್ಯಾಪ್ತಿಯಿಂದ ಹೊರಗಿಡಲಾಗಿದೆ. 2001ರಲ್ಲಿ ಗಣಿ ಮುಚ್ಚಿದ ಮೇಲೂ ಕೆಜಿಎಫ್ ಜನರ ಮನೆಗಳ ಪಕ್ಕದಲ್ಲೇ ನಿಂತಿರುವ, ಸಯನೈಡ್ ಬೆರೆತ ಗಣಿ ತ್ಯಾಜ್ಯದ ದಿಬ್ಬಗಳನ್ನು ನೋಡಿದವರಿಗೆ ಈ ವಿನಾಯಿತಿಯ ತೂಕ ತಿಳಿದೀತು.

ನಿವೇಶನ ಕೊಳ್ಳುವಾಗ ನಾವು ಇ.ಸಿ. ತೆಗೆಸುತ್ತೇವೆ, ಪಹಣಿ ನೋಡುತ್ತೇವೆ. ಮೊದಲನೆಯದು ನೋಂದಾಯಿತ ಸಾಲ, ಕ್ರಯಗಳನ್ನು ತೋರಿಸುತ್ತದೆ. ಎರಡನೆಯದು ಹಕ್ಕು ಮತ್ತು ಬೆಳೆಯನ್ನು. ಮಣ್ಣಿನಲ್ಲಿ ಏನಿದೆ ಎಂಬುದು ಎರಡರಲ್ಲೂ ಇಲ್ಲ. ಆದರೆ ಕಾರ್ಖಾನೆ ನಡೆಸಲು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ ಬೇಕು. ಆದ್ದರಿಂದ ಹಳೆಯ ಕೈಗಾರಿಕಾ ಪ್ರದೇಶದಲ್ಲಿ ಮನೆ ಕೊಳ್ಳುವವರು ಸರ್ವೆ ನಂಬರನ್ನು ಉಲ್ಲೇಖಿಸಿ, ಅಲ್ಲಿ ಯಾವ ಘಟಕಕ್ಕೆ ಸಮ್ಮತಿ ನೀಡಲಾಗಿತ್ತು, ಅದು ಯಾವ ತ್ಯಾಜ್ಯವನ್ನು ಹೊರಬಿಡುತ್ತಿತ್ತು ಎಂದು ಮಾಹಿತಿ ಹಕ್ಕಿನಡಿ ಮಂಡಳಿಗೆ ಅರ್ಜಿ ಹಾಕಬಹುದು.