ರೇಂಜ್‌ಫೈಂಡರ್ ಕೊಳ್ಳುವ ಮುನ್ನ ನಮ್ಮ ಬಿಸಿಲಿನ ಲೆಕ್ಕ

ನಮಸ್ಕಾರ. ಫಿಲ್ಮ್ ರೇಂಜ್‌ಫೈಂಡರ್ ಕ್ಯಾಮೆರಾ ಕೊಳ್ಳಬೇಕೋ ಬೇಡವೋ ಎಂದು ನನ್ನನ್ನು ಕೇಳುವವರು ಬಹುತೇಕ ಬೆಲೆಯಿಂದ ಮಾತು ತೆಗೆಯುತ್ತಾರೆ, ಇಲ್ಲವೇ ಜರ್ಮನಿಯ ದುಬಾರಿ ಕ್ಯಾಮೆರಾ ಲೈಕಾದ ಹೆಸರಿನಿಂದ. ನಾನು ಮಾತ್ರ ಅವರಿಗೆ ಮೊದಲು ಕೇಳುವುದು ಬೇರೆಯದೇ ಪ್ರಶ್ನೆ: ನೀವು ಹೆಚ್ಚಾಗಿ ಚಿತ್ರ ತೆಗೆಯುವುದು ಬಯಲಿನಲ್ಲೋ, ಒಳಾಂಗಣದಲ್ಲೋ? ವಿಜಯಪುರದಂಥ ಬಿಸಿಲೂರಿನಲ್ಲಿ ಈ ಒಂದು ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಸಿಕ್ಕರೆ, ಕೊಳ್ಳುವ ವಿಚಾರ ಮುಕ್ಕಾಲು ಪಾಲು ಇತ್ಯರ್ಥವಾದಂತೆಯೇ ಎಂಬುದು ನನ್ನ ಅಭಿಪ್ರಾಯ.

ಈ ಕ್ಯಾಮೆರಾ ಮಾಡುವ ಕೆಲಸವಾದರೂ ಏನು ಎಂಬುದನ್ನು ಮೊದಲು ನೋಡೋಣ. ರೇಂಜ್‌ಫೈಂಡರ್‌ನಲ್ಲಿ ನಾವು ಲೆನ್ಸಿನ ಮೂಲಕ ನೋಡುವುದಿಲ್ಲ. ಕ್ಯಾಮೆರಾದ ಮೇಲ್ಭಾಗದಲ್ಲಿ ಒಂದಕ್ಕೊಂದು ತುಸು ದೂರದಲ್ಲಿರುವ ಎರಡು ಕಿಟಕಿಗಳಿಂದ ಒಳಬರುವ ಬಿಂಬಗಳು ವ್ಯೂಫೈಂಡರಿನ ನಡುವಿನ ಸಣ್ಣ ಚೌಕದಲ್ಲಿ ಒಂದರ ಮೇಲೊಂದು ಬೀಳುತ್ತವೆ. ಫೋಕಸ್ ರಿಂಗ್ ತಿರುಗಿಸಿದಂತೆ ಅವುಗಳಲ್ಲೊಂದು ಅಡ್ಡಲಾಗಿ ಸರಿಯುತ್ತದೆ, ಎರಡೂ ಕೂಡಿ ಒಂದಾದಾಗ ಫೋಕಸ್ ಕುದುರಿತೆಂದು ಅರ್ಥ. ದೂರವನ್ನು ತ್ರಿಕೋನದ ಲೆಕ್ಕದಿಂದ ಅಳೆಯುವ ಈ ಏರ್ಪಾಡು ಲೆನ್ಸಿನೊಂದಿಗೆ ಕೂಡಿಕೊಂಡು ಲೈಕಾಗೆ ಬಂದದ್ದು 1932ರಲ್ಲಿ. ಅದೇ ಕಂಪನಿಯ 1954ರ ಎಂ3 ಮಾದರಿ ಅದನ್ನು ಇಂದಿಗೂ ಮೀರಲಾಗದ ಮಟ್ಟಕ್ಕೆ ಒಯ್ದಿತು. ಲೆನ್ಸಿನ ಮೂಲಕವೇ ನೋಡುವ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿರುವಂತೆ ಮೇಲೇಳುವ ಕನ್ನಡಿ ಇಲ್ಲಿಲ್ಲವಾದ್ದರಿಂದ ಸದ್ದು ಕಡಿಮೆ, ಅದುರುವಿಕೆಯೂ ಕಡಿಮೆ, ಚಿತ್ರ ಬೀಳುವ ಕ್ಷಣದಲ್ಲಿ ಕಣ್ಣೆದುರು ಕತ್ತಲಾಗುವುದೂ ಇಲ್ಲ. ಇವೆಲ್ಲವೂ ಮಂದ ಬೆಳಕಿನಲ್ಲಿ ಕೆಲಸಕ್ಕೆ ಬರುವ ಗುಣಗಳು ಎಂಬುದನ್ನು ನೆನಪಿಡಿ.

ಈಗ ಬಿಸಿಲಿಗೆ ಬರೋಣ. ನೆತ್ತಿಯ ಮೇಲೆ ನಿಚ್ಚಳ ಬಿಸಿಲಿದ್ದಾಗ ಅಪರ್ಚರ್ (ಬೆಳಕು ಒಳಬಿಡುವ ಲೆನ್ಸಿನ ಕಿಂಡಿ; ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಕಿರಿದು, ಸ್ಪಷ್ಟವಾಗಿ ಬರುವ ಆಳ ಹೆಚ್ಚು) ಎಫ್ 16ಕ್ಕೆ ಇಟ್ಟು, ಫಿಲ್ಮಿನ ಐಎಸ್‌ಒ (ಬೆಳಕಿಗೆ ಅದರ ಸೂಕ್ಷ್ಮತೆಯ ಅಳತೆ) ಎಷ್ಟೋ ಸೆಕೆಂಡಿನ ಅಷ್ಟನೇ ಭಾಗಕ್ಕೆ ಶಟರ್ ವೇಗ ಇಡುವುದು ಹಳೆಯ ಸ್ಟುಡಿಯೋದವರೆಲ್ಲ ಬಾಯಿಪಾಠ ಮಾಡಿಕೊಂಡಿದ್ದ ಲೆಕ್ಕ. 400 ಐಎಸ್‌ಒ ರೀಲು ಹಾಕಿದರೆ ಅದಕ್ಕೆ ಹತ್ತಿರದ ವೇಗ 1/500 ಆಯಿತು. ಕ್ಯಾನನ್ ಕಂಪನಿಯ ಕ್ಯಾನೊನೆಟ್‌ನಂಥ ರೇಂಜ್‌ಫೈಂಡರ್‌ನ ಗರಿಷ್ಠ ವೇಗವೇ 1/500 ಆಗಿರುವುದರಿಂದ, ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯಲ್ಲಿ ಮಧ್ಯಾಹ್ನ ದನಗಳ ಸಾಲಿನೆದುರು ನಿಂತವರಿಗೆ ಎಫ್ 16 ಬಿಟ್ಟು ಬೇರೆ ಗತಿಯಿಲ್ಲ. ಅದರ 40 ಮಿ.ಮೀ. ಲೆನ್ಸನ್ನು ಎಫ್ 16ರಲ್ಲಿ ಮೂರೂವರೆ ಮೀಟರಿಗೆ ಇಟ್ಟು ಬಿಟ್ಟರೆ, ಸುಮಾರು ಒಂದೂಮುಕ್ಕಾಲು ಮೀಟರಿನಿಂದ ಹಿಡಿದು ದಿಗಂತದವರೆಗೆ ಎಲ್ಲವೂ ಸ್ಪಷ್ಟವಾಗಿ ಬರುತ್ತದೆ. ಹಾಗಾದರೆ ಎರಡು ಬಿಂಬಗಳನ್ನು ಕೂಡಿಸುವ ಆ ನಾಜೂಕಾದ ಯಂತ್ರಕ್ಕೆ ಅಲ್ಲೇನು ಕೆಲಸ? ಲಕ್ಷಗಟ್ಟಲೆ ಸುರಿದು ಎಫ್ 1.4ರ ಲೆನ್ಸ್ ತಂದವರೂ, ಎಂ3ರ 1/1000 ವೇಗವನ್ನು ಕೊಟ್ಟರೂ, ಅದೇ ರೀಲಿನಲ್ಲಿ ಅದೇ ಜಾಗದಲ್ಲಿ ಎಫ್ 11ಕ್ಕಿಂತ ಹೆಚ್ಚು ತೆರೆಯಲಾರರು. ಜಾತ್ರೆ, ಸಂತೆ, ಕೋಟೆ, ಪಟ್ಟದಕಲ್ಲಿನ ಬಯಲು ಇವಿಷ್ಟೇ ನಿಮ್ಮ ವಿಷಯವಾಗಿದ್ದರೆ, 1967ರಲ್ಲಿ ಬಂದ, ಬ್ಯಾಟರಿಯ ಹಂಗೂ ಇಲ್ಲದ ಒಲಿಂಪಸ್ ಟ್ರಿಪ್ 35ರಂಥ, ದೂರವನ್ನು ಅಂದಾಜಿನಿಂದ ಇಡುವ ಕ್ಯಾಮೆರಾ ಸಾಕು. ರೇಂಜ್‌ಫೈಂಡರ್ ಬೇಡ ಎಂದು ಅವರಿಗೆ ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಒಳಾಂಗಣದ ಲೆಕ್ಕ ಇದಕ್ಕೆ ತದ್ವಿರುದ್ಧ. ಇಳಕಲ್ಲಿನ ಒಂದು ಕುಣಿಮಗ್ಗದ ಕೋಣೆಯನ್ನು ತೆಗೆದುಕೊಳ್ಳಿ. ನೇಕಾರರು ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತಿರುತ್ತಾರೆ, ಬೆಳಕು ಬರುವುದು ಒಂದೇ ಕಿಟಕಿಯಿಂದ, ಅದೂ ಮುಖದ ಒಂದು ಮಗ್ಗುಲಿಗೆ ಮತ್ತು ಹಾಸಿನ ಮೇಲೆ ಆಡುವ ಕೈಗೆ ಮಾತ್ರ, ಉಳಿದದ್ದೆಲ್ಲ ನೆರಳು. ಇಂಥಲ್ಲಿ 400 ಐಎಸ್‌ಒ ರೀಲಿಗೆ ಎಫ್ 2ರಲ್ಲಿ 1/30 ಸೆಕೆಂಡು ಸಿಕ್ಕರೆ ಅದೇ ಹೆಚ್ಚು. ಕನ್ನಡಿಯ ಅದುರುವಿಕೆ ಇಲ್ಲದ ಕ್ಯಾಮೆರಾವನ್ನು 1/30ರಲ್ಲಿ ಕೈಯಲ್ಲೇ ಹಿಡಿದು ಚಿತ್ರ ತೆಗೆಯಬಹುದು. ಆದರೆ ಒಂದೂವರೆ ಮೀಟರ್ ದೂರದಲ್ಲಿ ಎಫ್ 2 ಇಟ್ಟಾಗ ಸ್ಪಷ್ಟವಾಗಿ ಬರುವ ಆಳ ಒಂದು ಗೇಣಿಗೂ ಕಡಿಮೆ, ಅಂದಾಜಿನ ಆಟ ಅಲ್ಲಿ ನಡೆಯುವುದಿಲ್ಲ. ಮಂದ ಬೆಳಕಿನಲ್ಲಿ ಹಳೆಯ ಎಸ್‌ಎಲ್‌ಆರ್‌ನ ಪರದೆ ಮಂಕಾಗಿ ಕಣ್ಣು ಕಿರಿದಾಗಿಸಿ ನೋಡಬೇಕಾಗುತ್ತದೆ, ರೇಂಜ್‌ಫೈಂಡರಿನ ಚೌಕವಾದರೋ ಬಿಂಬ ಕೂಡಿತೇ ಇಲ್ಲವೇ ಎಂಬುದನ್ನು ಖಚಿತವಾಗಿ ತೋರಿಸುತ್ತದೆ. ಕೊಟ್ಟ ಹಣಕ್ಕೆ ಯಂತ್ರ ಬೆಲೆ ಸಲ್ಲಿಸುವುದು ಇಲ್ಲಿ. ಇನ್ನು ಸದ್ದಿನ ಮಾತು: ಲಾಳಿಯ ಲಟಪಟದಲ್ಲಿ ಯಾವ ಕ್ಯಾಮೆರಾದ ಸದ್ದೂ ಕೇಳಿಸದು, ಅದು ಬಿಡಿ, ಆದರೆ ತೊಟ್ಟಿಲ ಶಾಸ್ತ್ರದ ಮನೆಯಲ್ಲಿ, ಮಠದ ಪ್ರವಚನದಲ್ಲಿ ಆ ಮೆಲುದನಿಗೆ ಬೆಲೆ ಇದೆ.

ಅದೇ ಮಗ್ಗದ ಮುಂದೆಯೇ ಈ ಯಂತ್ರದ ಮಿತಿಗಳೂ ಕಾಣುತ್ತವೆ. ಬಿಂಬ ಅಡ್ಡಲಾಗಿ ಸರಿಯುವುದರಿಂದ ಫೋಕಸ್ ಹಿಡಿಯಲು ನೆಟ್ಟನೆಯ ಅಂಚೊಂದು ಬೇಕು. ಸಾಲಾಗಿ ಹಾಸಿದ ಒಂದೇ ತೆರನ ಎಳೆಗಳ ಮೇಲೆ ಚೌಕವನ್ನು ಇಟ್ಟರೆ, ಒಂದು ಎಳೆ ತನ್ನ ಪಕ್ಕದ ಎಳೆಯ ಮೇಲೆ ಕುಳಿತು, ಕೂಡದಿದ್ದರೂ ಕೂಡಿದಂತೆ ಕಂಡು ದಾರಿ ತಪ್ಪಿಸುತ್ತದೆ. ಇಬ್ರಾಹಿಂ ರೋಜಾದ ಕಲ್ಲಿನ ಜಾಲಂದ್ರಗಳೆದುರು ಕೂಡ ಇದೇ ಪಾಡು. ಅಲ್ಲಿ ಜಾಲಿಯನ್ನು ಬಿಟ್ಟು ಅದರ ಚೌಕಟ್ಟಿನ ಅಂಚನ್ನು ಹಿಡಿಯಬೇಕು, ಇಲ್ಲಿ ಎಳೆಗಳನ್ನು ಬಿಟ್ಟು ನೇಕಾರರ ಅಂಗಿಯ ಕಾಲರನ್ನು. ಜತೆಗೆ ಕ್ಯಾನೊನೆಟ್ ಮತ್ತು ಯಾಶಿಕಾ ಎಲೆಕ್ಟ್ರೊ ರೇಂಜ್‌ಫೈಂಡರ್‌ಗಳು 80 ಸೆಂ.ಮೀ.ಗಿಂತ ಹತ್ತಿರ ಫೋಕಸ್ ಆಗುವುದಿಲ್ಲ. ಸೀರೆಯ ಒಡಲಿಗೆ ಸೆರಗಿನ ಎಳೆಗಳನ್ನು ಜೋಡಿಸುವ ಕೊಂಡಿ ಹಾಕುವುದನ್ನು ಚಿತ್ರದ ತುಂಬ ಹಿಡಿಯಬೇಕೆನ್ನುವವರು ಎಸ್‌ಎಲ್‌ಆರ್ ಕೊಳ್ಳಬೇಕು, ಈ ಮಾತಿನಲ್ಲಿ ವಾದಕ್ಕೆ ಆಸ್ಪದವಿಲ್ಲ.

ಒಳಾಂಗಣವೇ ನಿಮ್ಮ ಆಯ್ಕೆಯಾದರೆ ರೀಲು ತೊಳೆಯುವ ಏರ್ಪಾಡನ್ನೂ ಕೊಳ್ಳುವ ಮುಂಚೆಯೇ ಯೋಚಿಸಿ. ಒಂದು ಕಾಲದಲ್ಲಿ ಊರಿನ ಸ್ಟುಡಿಯೋಗಳಲ್ಲೇ ಆಗುತ್ತಿದ್ದ ಕೆಲಸಕ್ಕೆ ಇಂದು ಕಲರ್ ರೀಲನ್ನು ಬೆಂಗಳೂರಿಗೋ ಮುಂಬೈಗೋ ಕೊರಿಯರ್ ಮಾಡಬೇಕು. ಕಪ್ಪುಬಿಳುಪನ್ನು ಮನೆಯಲ್ಲೇ ತೊಳೆಯಬಹುದು, ಅದನ್ನೇ ನಾನು ಶಿಫಾರಸು ಮಾಡುವುದು. ಆದರೆ ಅಲ್ಲಿಯೂ ನಮ್ಮ ಹವೆ ಅಡ್ಡ ಬರುತ್ತದೆ. ಇಲ್ಫೋರ್ಡ್ ಎಚ್‌ಪಿ5 ಎಂಬ ಕಪ್ಪುಬಿಳುಪು ರೀಲಿಗೆ, ಬಿಂಬ ಮೂಡಿಸುವ ಡಿ-76 ಡೆವಲಪರ್‌ ದ್ರಾವಣದಲ್ಲಿ 20 ಡಿಗ್ರಿಗೆ ಏಳೂವರೆ ನಿಮಿಷ ಬೇಕು. ನೀರು 30 ಡಿಗ್ರಿ ದಾಟಿದಾಗ ಈ ಅವಧಿ ನಾಲ್ಕು ನಿಮಿಷಕ್ಕೂ ಕೆಳಗಿಳಿಯುತ್ತದೆ, ಅಷ್ಟು ಕಡಿಮೆ ಹೊತ್ತಿನಲ್ಲಿ ರೀಲಿನ ಉದ್ದಕ್ಕೂ ಸಮನಾಗಿ ತೊಳೆಯುವುದು ಕಷ್ಟ. ಏಪ್ರಿಲ್, ಮೇ ತಿಂಗಳಲ್ಲಿ ಡಬ್ಬಿಯನ್ನು ಐಸ್ ಹಾಕಿದ ಬಕೆಟ್ಟಿನಲ್ಲಿಟ್ಟು ಥರ್ಮಾಮೀಟರ್ ನೋಡುತ್ತಲೇ ಕೆಲಸ ಮಾಡಬೇಕು. (ಕಲರ್ ರೀಲಿನ ಸಿ-41 ವಿಧಾನಕ್ಕೆ ಬೇಕಾದದ್ದು ಸುಮಾರು 38 ಡಿಗ್ರಿ. ತಣ್ಣನೆಯ ದೇಶದವರು ಹೀಟರ್ ಇಟ್ಟು ಕಾಯಿಸುವ ನೀರು ನಮಗೆ ಮೇಲಿನ ಟ್ಯಾಂಕಿನಿಂದ ಪುಕ್ಕಟೆಯಾಗಿ ಇಳಿದು ಬರುತ್ತದೆ.) ಬೋರಿನ ಗಡಸು ನೀರು ಒಣಗಿದ ಮೇಲೆ ರೀಲಿನ ಮೇಲೆ ಬಿಳಿ ಕಲೆ ಉಳಿಸುವುದರಿಂದ, ಕೊನೆಯ ತೊಳೆತಕ್ಕೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ತಂದಿಟ್ಟುಕೊಳ್ಳಿ.

ಯಾವುದನ್ನು ಕೊಳ್ಳಬೇಕು ಎಂಬುದಕ್ಕೆ ನನ್ನ ಉತ್ತರ ಕ್ಯಾನೊನೆಟ್ ಕ್ಯೂಎಲ್17 ಜಿ-III, 1972ರ ಮಾದರಿ, ಎಫ್ 1.7 ಲೆನ್ಸಿನದು. ಬೆಳಕು ಅಳೆಯುವ ಅದರ ಮೀಟರಿಗೆ ಬೇಕಿದ್ದ 1.35 ವೋಲ್ಟಿನ ಪಾದರಸದ ಸೆಲ್ ಈಗ ತಯಾರಾಗುವುದಿಲ್ಲ, ಆದರೆ ಸೆಲ್ ಇಲ್ಲದೆಯೂ ಅದರ ಎಲ್ಲ ವೇಗಗಳೂ ಕೆಲಸ ಮಾಡುತ್ತವೆ. ಯಾಶಿಕಾ ಎಲೆಕ್ಟ್ರೊ 35ರ ಲೆನ್ಸೂ ಸೊಗಸಾದದ್ದೇ; ಬ್ಯಾಟರಿ ಸತ್ತರೆ ಮಾತ್ರ ಅದು 1/500 ಒಂದನ್ನೇ ಕೊಡುತ್ತದೆ, ಮಗ್ಗದ ಕೋಣೆಯಲ್ಲಿ ಅದರಿಂದ ಏನೂ ಪ್ರಯೋಜನವಿಲ್ಲ. ರಷ್ಯಾದ ಜೋರ್ಕಿ ಅಗ್ಗ, ಗಟ್ಟಿ. ಆದರೆ ಶಟರನ್ನು ಎಳೆದು ಸಜ್ಜುಗೊಳಿಸುವ ಮುಂಚೆ ವೇಗದ ಗುಂಡಿ ತಿರುಗಿಸಿದರೆ ಒಳಗಿನ ಯಂತ್ರ ಕೆಡುತ್ತದೆ. ಬಂಗಾರದ ಬಣ್ಣ ಬಳಿದು ಜರ್ಮನ್ ಮುದ್ರೆ ಒತ್ತಿದ 'ಅಪರೂಪದ ಲೈಕಾ' ಯಾರಾದರೂ ತೋರಿಸಿದರೆ, ಅದು ಬಹುಮಟ್ಟಿಗೆ ವೇಷ ಹಾಕಿದ ಜೋರ್ಕಿಯೋ, ಅದರಂಥದೇ ಸೋವಿಯತ್ ಕ್ಯಾಮೆರಾ ಫೆಡ್ಡೋ ಆಗಿರುತ್ತದೆ. ಅಸಲಿ ಲೈಕಾದ ಬಗ್ಗೆ ನನ್ನ ತಕರಾರು ಬೆಲೆಯದಷ್ಟೇ ಅಲ್ಲ. ಅದರ ಶಟರ್ ಬಟ್ಟೆಯ ಪರದೆ, ಅದರ ಮುಂದೆ ಕನ್ನಡಿಯ ಮರೆಯೂ ಇಲ್ಲ. ಲೆನ್ಸ್ ಪೂರ್ತಿ ತೆರೆದಿಟ್ಟು ಕೊರಳಲ್ಲಿ ತೂಗಿಸಿಕೊಂಡು ಬಿಸಿಲಲ್ಲಿ ಅಡ್ಡಾಡಿದರೆ, ಸೂರ್ಯನತ್ತ ತಿರುಗಿದ ಲೆನ್ಸು ಭೂತಗನ್ನಡಿಯಂತೆ ಆ ಬಟ್ಟೆಯಲ್ಲಿ ತೂತು ಸುಡಬಲ್ಲದು. ಮುಚ್ಚಳ ಹಾಕಿಕೊಂಡೇ ತಿರುಗಿದಿರೋ, ಅದನ್ನು ತೆಗೆಯಲು ಮರೆತದ್ದು ವ್ಯೂಫೈಂಡರಿನಲ್ಲಿ ಕಾಣುವುದೇ ಇಲ್ಲ. ಕ್ಯಾನೊನೆಟ್‌ನದು ಲೆನ್ಸಿನೊಳಗಿನ ಲೋಹದ ಎಲೆಗಳ ಶಟರ್, ಆ ಭಯ ಅದಕ್ಕಿಲ್ಲ.

ಕೊಳ್ಳುವಾಗ ಕ್ಯಾಮೆರಾ ಇದ್ದ ಊರನ್ನೂ ಕೇಳಿ. ನಮ್ಮ ಒಣ ಹವೆಯಲ್ಲಿ ಲೆನ್ಸಿಗೆ ಬೂಸ್ಟು ಹಿಡಿಯುವುದು ಅಪರೂಪ. ಬೆಳಗಾವಿಯ ಮಳೆಗಾಲಗಳನ್ನು ಕಪಾಟಿನೊಳಗೆ ಚರ್ಮದ ಚೀಲದಲ್ಲೇ ಕಳೆದ ಕ್ಯಾಮೆರಾ ಆದರೆ ಟಾರ್ಚ್ ಹಿಡಿದು ಲೆನ್ಸಿನ ಒಳಗೆ ಜೇಡರ ಬಲೆಯಂಥ ಎಳೆಗಳಿವೆಯೇ ಎಂದು ನೋಡಬೇಕು. ಹಿಂಬಾಗಿಲು ತೆಗೆದು ನಿಧಾನ ವೇಗಗಳಲ್ಲಿ ಶಟರಿನ ಎಲೆಗಳು ಅಂಟಿಕೊಳ್ಳುತ್ತವೆಯೇ ಎಂದು ಪರೀಕ್ಷಿಸಿ. ಬಾಗಿಲಂಚಿನ ಸ್ಪಂಜು ಅಂಟಂಟಾಗಿದ್ದರೆ ಹೆದರಬೇಡಿ, ಅದನ್ನು ಕೆರೆದು ಹೊಸದು ಅಂಟಿಸಬಹುದು. ವಿಜಯಪುರದವರಿಗೆ ಇರುವ ಒಂದು ಅನುಕೂಲವೆಂದರೆ ಗೋಳಗುಮ್ಮಟ: ಕಿಲೋಮೀಟರಿನಷ್ಟು ದೂರದ ಯಾವುದಾದರೂ ಮಾಳಿಗೆ ಹತ್ತಿ, ಲೆನ್ಸನ್ನು ಅನಂತಕ್ಕೆ ತಿರುಗಿಸಿ, ಅದರ ಮೂಲೆಯ ಮಿನಾರಿನ ನೆಟ್ಟನೆಯ ಅಂಚಿನ ಮೇಲೆ ಚೌಕವನ್ನಿಡಿ. ಎರಡು ಅಂಚು ಅಲ್ಲಿ ಒಂದಾಗದಿದ್ದರೆ ರೇಂಜ್‌ಫೈಂಡರ್ ಹೊಂದಾಣಿಕೆ ತಪ್ಪಿದೆ, ಒಂದು ಬಿಂಬ ಮೇಲೆ ಇನ್ನೊಂದು ಕೆಳಗೆ ಕಂಡರೂ ಹಾಗೆಯೇ. ರಿಪೇರಿಯ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಂಡು ಒಂದು ರೀಲು ಹಾಕಿ ನೋಡಲು ಕೇಳಿ, ಅದಕ್ಕೆ ಮಾರುವವರು ಒಪ್ಪದಿದ್ದರೆ ಕ್ಯಾಮೆರಾವನ್ನು ಅಲ್ಲೇ ಬಿಟ್ಟು ಬನ್ನಿ.