ಹಬ್ಬದೂಟದ ಮಾರನೇ ದಿನ

ಕೇಳುಗರೆಲ್ಲರಿಗೂ ನಮಸ್ಕಾರ. ಗಣಪತಿ ಹಬ್ಬ ಮುಗಿಯಿತು. ಮುಂಬೈಯಲ್ಲಿ ಈ ಹಬ್ಬ ನಮ್ಮ ಮನೆಯ ಗಣಪತಿಗೇ ಮುಗಿಯುವುದಿಲ್ಲ, ಅಲ್ವಾ? ಮುಲುಂಡಿನಲ್ಲಿ ಅತ್ತೆ ಮನೆ, ಠಾಣೆಯಲ್ಲಿ ಆಫೀಸಿನವರ ಮನೆ, ಕೆಳಗಿನ ಮಹಡಿಯಲ್ಲಿ ಮರಾಠಿ ಕಾಕೂ ಮನೆ. ಎಲ್ಲಿ ಹೋದರೂ ಮೊದಲು ತಟ್ಟೆಗೆ ಬೀಳುವುದು ಬಿಸಿ ಮೋದಕ. ಅದರ ತುದಿ ಮುರಿದು, ಒಳಗಿನ ಕಾಯಿ ಬೆಲ್ಲದ ಮೇಲೆ ಒಂದು ಚಮಚ ತುಪ್ಪ ಸುರಿದೇ ಕೊಡುತ್ತಾರೆ. ಡಯಟ್ ಅಂದರೆ, 'ಪ್ರಸಾದಕ್ಕೆ ಎಂಥ ಡಯಟ್ಟು?' ಅನ್ನುತ್ತಾರೆ. ಕಿಂಗ್ಸ್ ಸರ್ಕಲ್‌ನ ಜಿಎಸ್‌ಬಿ, ಅಂದರೆ ಗೌಡ ಸಾರಸ್ವತ ಬ್ರಾಹ್ಮಣರ ಗಣಪತಿಗೆ ಹೋದವರಂತೂ ಎಲೆ ಮುಂದೆ ಕೂತು ಗಡದ್ದಾಗಿ ಉಂಡೇ ಬಂದಿರುತ್ತಾರೆ.

ಮಾರನೇ ದಿನ ಬೆಳಿಗ್ಗೆ ನನ್ನ ಫೋನ್ ಶುರುವಾಗುತ್ತದೆ. ನಾನು ಊಟ ತಿಂಡಿಯ ಸಲಹೆ ಕೊಡುವ ಕೆಲಸದವಳು. 'ಎಲ್ಲಾ ಹಾಳಾಯ್ತು ಮೇಡಂ, ಒಂದೇ ರಾತ್ರಿಗೆ ಎರಡು ಕಿಲೋ ಏರಿದೆ!'

ಏರಿಲ್ಲ. ಅಂದರೆ, ತೂಕದ ಯಂತ್ರ ತೋರಿಸಿದ್ದು ಸುಳ್ಳಲ್ಲ, ಆದರೆ ಅದು ಕೊಬ್ಬಲ್ಲ. ಲೆಕ್ಕ ಹಾಕಿ ನೋಡಿ. ಒಂದು ಕಿಲೋ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. ಎರಡು ಕಿಲೋಗೆ 15,400. ದಿನಕ್ಕೆ 2,000 ಕ್ಯಾಲೊರಿ ತಿನ್ನುವವರಿಗೆ ಅದು ಒಂದು ವಾರದ ಊಟಕ್ಕಿಂತ ಜಾಸ್ತಿ. ಅದನ್ನೂ ಮಾಮೂಲಿ ಊಟದ ಮೇಲೆ ಹೆಚ್ಚುವರಿಯಾಗಿ, ಒಂದೇ ದಿನದಲ್ಲಿ ತಿನ್ನಬೇಕು. ಎಷ್ಟೇ ಹೊಟ್ಟೆಬಾಕರಾದರೂ ಆಗದ ಮಾತು.

ಹಾಗಾದರೆ ಆ ತೂಕ ಎಲ್ಲಿಂದ ಬಂತು? ಬಹುಪಾಲು ನೀರು. ನಾವು ತಿಂದ ಅನ್ನ, ಸಕ್ಕರೆ, ಬೆಲ್ಲದಲ್ಲಿ ಒಂದಿಷ್ಟನ್ನು ದೇಹ ಗ್ಲೈಕೋಜನ್ ಎಂಬ ದಾಸ್ತಾನು ಮಾಡಿ ಲಿವರಿನಲ್ಲೂ ಸ್ನಾಯುಗಳಲ್ಲೂ ಇಟ್ಟುಕೊಳ್ಳುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಜೊತೆಗೆ ಸುಮಾರು ಮೂರು ಗ್ರಾಂ ನೀರೂ ಕೂತುಕೊಳ್ಳುತ್ತದೆ. ಕೆಲವು ದಿನ ಅನ್ನ ಕಡಿಮೆ ಮಾಡಿದ್ದವರಲ್ಲಿ ಈ ಏರಿಕೆ ಇನ್ನೂ ಎದ್ದು ಕಾಣುತ್ತದೆ. ಮೇಲೆ ಹಪ್ಪಳ, ಉಪ್ಪಿನಕಾಯಿ, ಚಿವಡಾ. ಉಪ್ಪು ಹೋದಲ್ಲಿ ನೀರು ನಿಲ್ಲುತ್ತದೆ. ಇನ್ನು ಹೊಟ್ಟೆಯಲ್ಲಿರುವ ಊಟಕ್ಕೂ ಭಾರ ಇರುತ್ತದಲ್ಲ! ನಿಮ್ಮ ಮಾಮೂಲಿ ಊಟಕ್ಕೆ ಮರಳಿದರೆ ಮೂರ್ನಾಲ್ಕು ದಿನದಲ್ಲಿ ಇದರಲ್ಲಿ ಬಹುಪಾಲು ಇಳಿಯುತ್ತದೆ. ಅಲ್ಲಿವರೆಗೆ ಆ ಯಂತ್ರವನ್ನು ಮಂಚದ ಕೆಳಗೆ ತಳ್ಳಿಬಿಡಿ.

ನನಗೆ ಹೆದರಿಕೆ ಇರುವುದು ಮೋದಕದ್ದಲ್ಲ, ಅದರ ಮರುದಿನದ್ದು. ಮುಳುಗಿದವನಿಗೆ ಚಳಿಯೇನು, ಮಳೆಯೇನು ಅಂತ ಒಂದು ಗಾದೆ ಇದೆಯಲ್ಲ, ಡಯಟ್ ಮುರಿದವರ ಮನಸ್ಸು ಥೇಟ್ ಹಾಗೇ ಓಡುತ್ತದೆ. ಹೇಗೂ ಕೆಟ್ಟಿತು, ಸಂಜೆ ವಡಾಪಾವ್ ತಿಂದರೇನು, ಸೋಮವಾರದಿಂದ ನೋಡಿದರಾಯಿತು. 1975ರಲ್ಲಿ ಹರ್ಮನ್ ಮತ್ತು ಮ್ಯಾಕ್ ಎಂಬ ಇಬ್ಬರು ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಕೆಲವು ಹುಡುಗಿಯರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ರುಚಿ ನೋಡುವ ನೆಪದಲ್ಲಿ ಐಸ್‌ಕ್ರೀಮ್ ಮುಂದಿಟ್ಟರು. ಸುಮ್ನೆ ಹಸಿವಿದ್ದಷ್ಟು ತಿನ್ನುವ ಹುಡುಗಿಯರು ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಮ್ ಕಡಿಮೆ ತಿಂದರು. ಸದಾ ಅಳೆದು ತೂಗಿ ತಿನ್ನುವವರು ಜಾಸ್ತಿ ತಿಂದರು! ಮಿಲ್ಕ್‌ಶೇಕಿನಿಂದ ಕಟ್ಟು ಮುರಿಯಿತು, ಇನ್ನೇಕೆ ಬಿಗಿ ಹಿಡಿಯಬೇಕು ಅಂತ.

ಇನ್ನು ಕೆಲವರು ಇದಕ್ಕೆ ತಿರುಗಾಮುರುಗ. ಬೆಳಿಗ್ಗೆ ತಿಂಡಿ ಬಿಟ್ಟು, ಮಧ್ಯಾಹ್ನ ಬರೀ ಮಜ್ಜಿಗೆ ಕುಡಿದು, ಸಾಯಂಕಾಲ ದಾದರಿನಲ್ಲಿ ಗಾಡಿ ಬದಲಿಸುವ ಹೊತ್ತಿಗೆ ಹೊಟ್ಟೆ ಚುರುಗುಟ್ಟಿ, ಪ್ಲಾಟ್‌ಫಾರ್ಮಿನ ಸಮೋಸ ಎರಡು ಒಳಗೆ. ಇದು ನಾನು ವಾರವಾರವೂ ಕೇಳುವ ಕಥೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರು ಹೀಗೆ ಊಟ ತಪ್ಪಿಸಿದರೆ ಸಕ್ಕರೆ ಇಳಿದು ಬೆವರು, ನಡುಕ, ತಲೆಸುತ್ತು ಬರುತ್ತದೆ. ಆ ಜನಜಂಗುಳಿಯ ಲೋಕಲ್ ಒಳಗೆ ಹಾಗಾದರೆ ಏನು ಗತಿ?

ಆದ್ದರಿಂದ ಮುಂದಿನ ಊಟವನ್ನು ಹೊತ್ತಿಗೆ ಸರಿಯಾಗಿ, ಎಂದಿನಷ್ಟೇ ಮಾಡಿ. ಸೋಮವಾರದಿಂದಲ್ಲ, ಮುಂದಿನ ಊಟದಿಂದ. ಬೆಳಿಗ್ಗೆ ಇಡ್ಲಿಯೋ ಉಪ್ಪಿಟ್ಟೋ. ಡಬ್ಬಿಗೆ ಚಪಾತಿ, ಪಲ್ಯ, ಜೊತೆಗೆ ಮೊಳಕೆ ಕಾಳಿನ ಉಸಳ್, ಯಾಕೆಂದರೆ ಕಾಳು ಬೇಳೆ ಇದ್ದರೆ ಬೇಗ ಹಸಿವಾಗುವುದಿಲ್ಲ. ಕರಾವಳಿಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ, ಹಬ್ಬದ ಮರುದಿನ ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ ಮಾಡುವ ಅಜ್ಜಿಯರು ನಿಮ್ಮಲ್ಲೇ ಇದ್ದಾರೆ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆಯಿರಿ, ರಕ್ತದ ಸಕ್ಕರೆ ಏರುವುದು ಕಡಿಮೆಯಾಗುತ್ತದೆ. ಮಾತುಂಗಾದವರಿಗೆ ಫೈವ್ ಗಾರ್ಡನ್ಸ್ ಇದೆ, ಉಳಿದವರಿಗೆ ಸೊಸೈಟಿಯ ಕಾಂಪೌಂಡೇ ಸಾಕು. ತಿಂದದ್ದನ್ನು ಕರಗಿಸುತ್ತೇನೆ ಅಂತ ಎರಡು ಗಂಟೆ ಜಿಮ್ಮಿನಲ್ಲಿ ಒದ್ದಾಡುವುದು ಬೇಡ. ರಾತ್ರಿ ಬೇಗ ಮಲಗಿ, ನಿದ್ದೆಗೆಟ್ಟರೆ ಮರುದಿನ ಹಸಿವು ಜಾಸ್ತಿ.

ಒಂದು ಮಾತು ಮಾತ್ರ ಗಂಭೀರವಾಗಿ ಹೇಳುತ್ತೇನೆ. ಹಬ್ಬವೂ ಇಲ್ಲ, ಹಸಿವೂ ಇಲ್ಲ, ಆದರೂ ಯಾರಿಗೂ ಕಾಣದ ಹಾಗೆ, ನಿಲ್ಲಿಸಲಾಗದೆ ತಿನ್ನುವುದು ವಾರಕ್ಕೊಮ್ಮೆಯಾದರೂ ಆಗುತ್ತಾ ಮೂರು ತಿಂಗಳಾಗಿದ್ದರೆ, ಅಥವಾ ತಿಂದದ್ದನ್ನು ಬೇಕೆಂದೇ ವಾಂತಿ ಮಾಡುತ್ತಿದ್ದರೆ, ಅದು ನಾಲಿಗೆ ಚಪಲ ಅಲ್ಲ. ವೈದ್ಯರಿಗೆ ತೋರಿಸಬೇಕಾದ ಕಾಯಿಲೆ. ವಾಂತಿಯ ವಿಷಯದಲ್ಲಿ ಮೂರು ತಿಂಗಳು ಕಾಯುವುದೂ ಬೇಡ. ಮನೆಯವರು ಬೈದರೆ ಅದು ವಾಸಿಯಾಗುವುದಿಲ್ಲ.

ಇನ್ನು ಫ್ರಿಜ್ಜಿನಲ್ಲಿ ಉಳಿದ ಮೋದಕ, ಕರಂಜಿ, ಹೋಳಿಗೆ. ಎಸೆಯಲು ಮನಸ್ಸು ಬರುವುದಿಲ್ಲ, ಕಣ್ಣೆದುರಿದ್ದರೆ ಕೈ ಸುಮ್ಮನಿರುವುದಿಲ್ಲ. ಮನೆಯವರಿಗೆ ತಲೆಗೊಂದರಂತೆ ಎತ್ತಿಟ್ಟು, ಮಿಕ್ಕದ್ದನ್ನು ಇವತ್ತೇ ವಾಚ್‌ಮನ್‌ಗೆ, ಮನೆಗೆಲಸಕ್ಕೆ ಬರುವವರಿಗೆ ಕೊಟ್ಟುಬಿಡಿ. ನಿಮ್ಮ ಪಾಲಿನದನ್ನು ಊಟದ ಜೊತೆ ತಟ್ಟೆಗೆ ಹಾಕಿಕೊಂಡು, ಕೂತು, ಬೇಕಿದ್ದರೆ ತುಪ್ಪ ಹಾಕಿಕೊಂಡೇ ತಿನ್ನಿ. ನಮಸ್ಕಾರ.